ಪಂಪ್ ತೊಳೆದ ನೀರು

ಬಯೋಟೆಕ್ ಓದ್ತಿದ್ದೀನಿ ಅಂದ ಕೂಡಲೇ ನಮ್ಮ ಹಾಸ್ಟೆಲ್‌ನಲ್ಲಿ ಎರಡು ಪ್ರಶ್ನೆ ಬರುತ್ತವೆ. ಒಂದು, "ಸಿಎಸ್ ಸಿಗಲಿಲ್ವಾ?" ಇನ್ನೊಂದು, "ಅದ್ರಲ್ಲಿ ಪ್ಲೇಸ್‌ಮೆಂಟ್ ಇದ್ಯಾ?" ಮೊದಲನೆಯದಕ್ಕೆ ಉತ್ತರ: ಸಿಗಲಿಲ್ಲ. ಎರಡನೆಯದು ನಂಗೂ ಗೊತ್ತಿಲ್ಲ. ಆದ್ರೆ ಈ ಬ್ರಾಂಚ್‌ಗೆ ಬಂದಿದ್ದರಿಂದ ನಮ್ಮ ಮನೆಯದೇ ಒಂದು ವಿಷಯ ನಂಗೆ ಗೊತ್ತಾಯ್ತು. ಗೊತ್ತಾದ ಮೇಲೆ ಮೂರು ತಿಂಗಳು ಅದನ್ನ ಯಾರಿಗೂ ಹೇಳದೆ ಇಟ್ಕೊಂಡಿದ್ದೆ. ಕನ್ನಡ ಸಂಘದವರು ಲೇಖನ ಕೇಳಿದಾಗ ಅದನ್ನೇ ಬರೆಯೋಣ ಅನ್ನಿಸಿತು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡ ಸೆಕೆಂಡ್ ಲ್ಯಾಂಗ್ವೇಜ್. ಒತ್ತಕ್ಷರ ತಪ್ಪಿದ್ರೆ ಸಂಪಾದಕರು ತಿದ್ದಿರ್ತಾರೆ ಅನ್ನೋ ಧೈರ್ಯದಲ್ಲಿ ಶುರು ಮಾಡ್ತೀನಿ.

ನಮ್ಮೂರು ರಾಣೆಬೆನ್ನೂರು ತಾಲ್ಲೂಕಿನಲ್ಲಿದೆ. ಅಪ್ಪ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವರು ಇಲ್ಲೇ ಉಳಿದರು, ಹೊಲ ನೋಡಿಕೊಳ್ಳೋದು ದೊಡ್ಡಪ್ಪ. ನಾನು ಊರಿಗೆ ಹೋಗ್ತಿದ್ದದ್ದು ರಜೆಗೆ ಮಾತ್ರ. ಸೆಕೆಂಡ್ ಪಿಯುಸಿ ಮುಗಿದು ಸಿಇಟಿ ಸೀಟಿಗೆ ಕಾಯ್ತಿದ್ದ ಜುಲೈ ತಿಂಗಳಲ್ಲಿ ಅಲ್ಲೇ ಇದ್ದೆ. ಗೋವಿನಜೋಳ ಮೊಣಕಾಲುದ್ದ ಬಂದಿತ್ತು, ಅದರ ಜೊತೆಗೇ ಕಸವೂ ಬಂದಿತ್ತು. ನಮ್ಮ ಕಡೆ ಕಳೆಗೆ ಕಸ ಅಂತಾರೆ, ಕಳೆನಾಶಕಕ್ಕೆ ಕಸದ ಎಣ್ಣಿ. ಕಳೆ ತೆಗೆಯೋಕೆ ಆಳು ಸಿಗೋದು ಕಷ್ಟ, ಸಿಕ್ಕರೂ ಕೂಲಿ ಕೊಟ್ಟು ಪೂರೈಸಲ್ಲ. ಹಾಗಾಗಿ ದೊಡ್ಡಪ್ಪ 2,4-ಡಿ ಅನ್ನೋ ಕಸದ ಎಣ್ಣಿ ಹೊಡೆದರು. ಅದು ಅಗಲ ಎಲೆಯ ಗಿಡಗಳನ್ನ ಕೊಲ್ಲುತ್ತೆ, ಹುಲ್ಲಿನ ಜಾತಿಯ ಜೋಳವನ್ನ ಬಿಡುತ್ತೆ.

ಸಂಜೆ ಪಂಪನ್ನ ನನ್ನ ಕೈಗೆ ಕೊಟ್ಟು, "ಸೋಪಿನ ಪುಡಿ ಹಾಕಿ ಮೂರು ಸಲ ತೊಳಿ ತಮ್ಮಾ, ನಾಡಿದ್ದು ಇದರಾಗ ಟಮಾಟಿಗೆ ಹುಳದ ಎಣ್ಣಿ ಹೊಡೀಬೇಕು" ಅಂದರು. ಬೋರ್‌ವೆಲ್ ಪಕ್ಕದ ತೊಟ್ಟಿ ಹತ್ತಿರ ಹೋದೆ. ಒಂದು ಸಲ ನೀರು ತುಂಬಿ ಅಲ್ಲಾಡಿಸಿ ಚೆಲ್ಲಿದೆ. ಅಷ್ಟರಲ್ಲಿ ಮಾಕ್ ಅಲಾಟ್‌ಮೆಂಟ್ ಬಿಟ್ಟಿದ್ದಾರೆ ಅಂತ ಫ್ರೆಂಡ್ ಮೆಸೇಜ್ ಬಂತು. ನೆಟ್‌ವರ್ಕ್ ಹುಡುಕಿಕೊಂಡು ಮಾಳಿಗೆ ಹತ್ತಿದೆ. ರಾತ್ರಿ ಊಟಕ್ಕೆ ಕೂತಾಗ ದೊಡ್ಡಪ್ಪ ಕೇಳಿದರು, "ಮೂರು ಸಲ ತೊಳದಿ ಹೌದಿಲ್ಲೋ?" ನಾನು "ಹೂಂ" ಅಂದೆ.

ಎರಡು ದಿನ ಬಿಟ್ಟು ಅದೇ ಪಂಪಿನಲ್ಲಿ ಟೊಮೇಟೊಗೆ ಹುಳದ ಔಷಧಿ ಹೊಡೆದರು. ವಾರ ಕಳೆಯೋದರೊಳಗೆ ಗಿಡದ ತುದಿ ಎಲೆಗಳು ಸುರುಳಿ ಸುತ್ತೋಕೆ ಶುರುವಾದವು. ಹೊಸ ಎಲೆಗಳು ಅಗಲ ಆಗದೆ ದಾರದ ಥರ ಬಂದವು. ಕಾಂಡ ಸೊಟ್ಟಗಾಯ್ತು. ಅಂಗಡಿಯವರು ಫೋಟೋ ನೋಡಿ, "ಎಲೆ ಮುಟುರು ರೋಗ, ಬಿಳಿ ನೊಣದಿಂದ ಬರೋ ವೈರಸ್ಸು" ಅಂದರು. ಬಿಳಿ ನೊಣಕ್ಕೆ ಅಂತ ಮತ್ತೆರಡು ಸಲ ಔಷಧಿ ಹೊಡೆದದ್ದಾಯ್ತು. ಗಿಡ ಚೇತರಿಸಿಕೊಳ್ಳಲಿಲ್ಲ. ಕಾಲು ಎಕರೆ ಟೊಮೇಟೊ ಕಿತ್ತು ಬದುವಿಗೆ ಹಾಕಿದರು. ನಾನೂ ಕಿತ್ತು ಹಾಕೋಕೆ ಸಹಾಯ ಮಾಡಿದೆ. ಆಗ ನಂಗೆ ಏನೂ ಅನುಮಾನ ಬರಲಿಲ್ಲ. ಆಮೇಲೆ ಸೀಟು ಸಿಕ್ತು, ಇಲ್ಲಿಗೆ ಬಂದೆ.

ಅನುಮಾನ ಬಂದದ್ದು ಮೂರನೇ ಸೆಮಿಸ್ಟರ್‌ನಲ್ಲಿ, ಅಕ್ಟೋಬರ್‌ನ ಒಂದು ಮಧ್ಯಾಹ್ನ. ಟಿಶ್ಯೂ ಕಲ್ಚರ್ ಲ್ಯಾಬ್‌ನಲ್ಲಿ ಕ್ಯಾಲಸ್ ಬೆಳೆಸೋಕೆ ಮೀಡಿಯಾಗೆ ಏನೇನು ಹಾಕ್ಬೇಕು ಅಂತ ಮೇಡಂ ಹೇಳ್ತಿದ್ರು. ಶೆಲ್ಫ್‌ನಿಂದ ಒಂದು ಚಿಕ್ಕ ಬಾಟಲಿ ತೆಗೆದರು. ಲೇಬಲ್ ಮೇಲೆ 2,4-ಡಿ ಅಂತಿತ್ತು. ನಾನು ಬೆಚ್ಚಿಬಿದ್ದೆ. ಇದು ನಮ್ಮ ಹೊಲದ ಕಸದ ಎಣ್ಣಿ ಅಲ್ವಾ?

ಹೌದು, ಅದೇ. ಗಿಡಗಳಲ್ಲಿ ಆಕ್ಸಿನ್ ಅನ್ನೋ ಹಾರ್ಮೋನ್ ಇರುತ್ತೆ, ಯಾವ ಭಾಗ ಎಷ್ಟು ಬೆಳೀಬೇಕು ಅಂತ ಹೇಳೋದು ಅದು. 2,4-ಡಿ ಅದರ ನಕಲು. ಲೀಟರ್ ಮೀಡಿಯಾಗೆ ಮಿಲಿಗ್ರಾಂ ಲೆಕ್ಕದಲ್ಲಿ ಹಾಕಿದರೆ ಜೀವಕೋಶಗಳು ಗುಂಪು ಗುಂಪಾಗಿ ಬೆಳೆದು ಕ್ಯಾಲಸ್ ಆಗುತ್ತೆ. ಹೊಲದಲ್ಲಿ ಹೊಡೆಯೋ ಪ್ರಮಾಣದಲ್ಲಿ ಬಿದ್ದರೆ ಗಿಡ ಲಂಗು ಲಗಾಮಿಲ್ಲದೆ ಬೆಳೆದು, ತಿರುಚಿಕೊಂಡು ಸಾಯುತ್ತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಂಡುಹಿಡಿದದ್ದು. ವಿಯೆಟ್ನಾಂ ಕಾಡುಗಳ ಮೇಲೆ ಅಮೆರಿಕ ಸುರಿದ ಏಜೆಂಟ್ ಆರೆಂಜ್‌ನ ಎರಡು ಭಾಗಗಳಲ್ಲಿ ಇದೂ ಒಂದು. ಅದರಲ್ಲಿದ್ದ ಡಯಾಕ್ಸಿನ್ ವಿಷ ಬಂದದ್ದು ಮಾತ್ರ ಜೊತೆಗಿದ್ದ 2,4,5-ಟಿಯಿಂದ.

ಮೇಡಂ ಮುಂದಿನ ಸ್ಲೈಡ್ ಹಾಕಿದರು. ಹತ್ತಿ, ದ್ರಾಕ್ಷಿ, ಟೊಮೇಟೊ: ಈ ಮೂರೂ 2,4-ಡಿಯ ಸ್ವಲ್ಪ ಸೋಂಕನ್ನೂ ತಡೆಯಲ್ಲ ಅಂದರು. ಸ್ಕ್ರೀನ್ ಮೇಲೆ ಸುರುಳಿ ಸುತ್ತಿದ, ದಾರದಂತೆ ಸಣ್ಣಗಾದ ಟೊಮೇಟೊ ಎಲೆ. ಸರಿಯಾಗಿ ತೊಳೆಯದ ಪಂಪಿನಿಂದಲೂ ಹೀಗಾಗುತ್ತೆ, ಎಷ್ಟೋ ಸಲ ವೈರಸ್ ಅಂತ ತಪ್ಪು ತಿಳ್ಕೊಳ್ತಾರೆ ಅಂದರು. ಆಮೇಲೆ ಕ್ಲಾಸಲ್ಲಿ ಏನು ನಡೀತು ಅಂತ ನಂಗೆ ನೆನಪಿಲ್ಲ.

ಅವತ್ತೇ ದೊಡ್ಡಪ್ಪನಿಗೆ ಫೋನ್ ಮಾಡ್ಬೇಕಿತ್ತು. ಮಾಡಲಿಲ್ಲ. ಬದಲಿಗೆ ಲೆಕ್ಕ ಮಾಡ್ತಾ ಕೂತೆ. ನಮ್ಮಲ್ಲಿ ಸಿಗೋ 2,4-ಡಿ ಅಮೈನ್ ಸಾಲ್ಟ್ ಡಬ್ಬಿಯ ಒಂದು ಎಂಎಲ್‌ನಲ್ಲಿ ಸುಮಾರು ಅರ್ಧ ಗ್ರಾಂ ವಿಷ ಇರುತ್ತೆ. ಕುಡಿಯೋ ನೀರಿನಲ್ಲಿ 2,4-ಡಿ ಲೀಟರಿಗೆ 30 ಮೈಕ್ರೋಗ್ರಾಂ ದಾಟಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಅಂದ್ರೆ ಆ ಒಂದು ಎಂಎಲ್ ಅನ್ನ ಅಷ್ಟು ತೆಳುವಾಗಿಸೋಕೆ 16 ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು, 5,000 ಲೀಟರ್‌ನ ಟ್ಯಾಂಕರ್ ಮೂರಕ್ಕಿಂತ ಜಾಸ್ತಿ. ಯುರೋಪಿನಲ್ಲಿ ಕುಡಿಯೋ ನೀರಿನಲ್ಲಿ ಯಾವುದೇ ಒಂದು ಕೀಟನಾಶಕಕ್ಕೆ ಮಿತಿ 0.1 ಮೈಕ್ರೋಗ್ರಾಂ. ಆ ಲೆಕ್ಕಕ್ಕೆ 50 ಲಕ್ಷ ಲೀಟರ್, ಸಾವಿರ ಟ್ಯಾಂಕರ್. ಬಾಟಲಿ ಮುಚ್ಚಳದಲ್ಲಿ ಅಳೆದು ಹಾಕುವಾಗ ಕೈ ಜಾರಿ ಬೀಳೋದೇ ಒಂದು ಎಂಎಲ್‌ಗಿಂತ ಜಾಸ್ತಿ. ನಾನು ಪಂಪ್ ತೊಳೆದ ನೀರು ಚೆಲ್ಲಿದ್ದು ಬೋರ್‌ವೆಲ್‌ನಿಂದ ಹತ್ತು ಹೆಜ್ಜೆ ದೂರದಲ್ಲಿ. ದೊಡ್ಡಮ್ಮನ ಕೋಳಿಗಳು ಕುಡಿಯೋದು ಅಲ್ಲೇ ನಿಂತ ನೀರನ್ನ.

ಟೊಮೇಟೊ ಹೋಗಿ ವರ್ಷ ಆಗಿತ್ತು. ಆ ನೀರು ಎಲ್ಲಿಗೆ ಹೋಯ್ತು ಅನ್ನೋದು ಮಾತ್ರ ತಲೆಯಲ್ಲಿ ಉಳೀತು. ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಕೇಳಿದಾಗ ನಮ್ಮ ಮೂವರ ಟೀಮಿನಲ್ಲಿ ನಾನೇ ಇದನ್ನ ಹೇಳಿದೆ. ಕಾರಣ ಹೇಳಲಿಲ್ಲ. "ಫಂಗಸ್ ಎನ್‌ಜೈಮ್ ಇಟ್ಟುಕೊಂಡು ಕಳೆನಾಶಕ ಒಡೆಯೋದು" ಅಂದ್ರೆ ಕೇಳೋಕೂ ಚೆನ್ನಾಗಿತ್ತು. ಟೀಮ್‌ಮೇಟ್ಸ್ ಒಪ್ಪಿದರು.

ಇಲ್ಲಿ ಬೇರೆ ಬ್ರಾಂಚಿನವರಿಗಾಗಿ ಸ್ವಲ್ಪ ವಿವರಿಸ್ತೀನಿ. ಮಳೆಗಾಲದಲ್ಲಿ ಬಿದ್ದ ಮರದ ಕೊಂಬೆ ಕೆಲವು ಸಲ ಬೆಳ್ಳಗೆ, ನಾರು ನಾರಾಗಿ ಕೊಳೆತಿರೋದು ನೋಡಿರ್ತೀರಿ. ಅದು ಬಿಳಿ ಕೊಳೆ ಶಿಲೀಂಧ್ರದ ಕೆಲಸ. ಮರಕ್ಕೆ ಗಟ್ಟಿತನ ಕೊಡೋ ಲಿಗ್ನಿನ್ ಅನ್ನ ಅದು ತೆಗೆದುಹಾಕುತ್ತೆ, ಬೆಳ್ಳಗಿನ ಸೆಲ್ಯುಲೋಸ್ ಉಳಿಯುತ್ತೆ. ನಾವು ತಿನ್ನೋ ಚಿಪ್ಪು ಅಣಬೆಯೂ ಇದೇ ಗುಂಪಿಗೆ ಸೇರಿದ್ದು.

ಪಿಯುಸಿಯಲ್ಲಿ ಎನ್‌ಜೈಮ್ ಅಂದ್ರೆ ಬೀಗ, ಕೀಲಿ ಅಂತ ಓದಿದ್ವಿ. ಒಂದು ಎನ್‌ಜೈಮ್‌ಗೆ ಒಂದೇ ಆಕಾರದ ಅಣು ಹೊಂದುತ್ತೆ. ಆದ್ರೆ ಲಿಗ್ನಿನ್‌ಗೆ ಒಂದು ಆಕಾರವೇ ಇಲ್ಲ. ಉಂಗುರದ ಅಣುಗಳು ಮನಸ್ಸಿಗೆ ಬಂದ ಹಾಗೆ ಅಂಟಿಕೊಂಡ ದೊಡ್ಡ ಮುದ್ದೆ ಅದು. ಅದಕ್ಕೆ ಕೀಲಿ ಮಾಡೋಕಾಗಲ್ಲ. ಹಾಗಾಗಿ ಈ ಶಿಲೀಂಧ್ರಗಳು ಬೀಗ ತೆಗೆಯೋ ಬದಲು ಬಾಗಿಲನ್ನೇ ಒಡೀತವೆ. ಲಿಗ್ನಿನ್ ಪೆರಾಕ್ಸಿಡೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್, ಲ್ಯಾಕೇಸ್ ಅನ್ನೋ ಎನ್‌ಜೈಮ್‌ಗಳನ್ನ ಜೀವಕೋಶದಿಂದ ಹೊರಗೆ ಬಿಡುತ್ತವೆ. ಇವು ಎದುರಿಗೆ ಸಿಕ್ಕ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಎಲೆಕ್ಟ್ರಾನ್ ಕಳ್ಕೊಂಡ ಅಣು ನೆಟ್ಟಗೆ ನಿಲ್ಲೋಕಾಗದೆ ತಾನೇ ಮುರಿಯುತ್ತೆ, ಇಲ್ಲಾ ಇನ್ನೊಂದಕ್ಕೆ ಅಂಟಿಕೊಳ್ಳುತ್ತೆ. ಮ್ಯಾಂಗನೀಸ್ ಪೆರಾಕ್ಸಿಡೇಸ್ ಅಂತೂ ತಾನು ಹೋಗಲಾಗದ ಸಂದಿಗೆ ಮ್ಯಾಂಗನೀಸ್ ಅಯಾನನ್ನ ಕಳಿಸಿ ಕೆಲಸ ಮಾಡಿಸುತ್ತೆ. ಲ್ಯಾಕೇಸ್‌ಗೆ ಗಾಳಿಯ ಆಮ್ಲಜನಕ ಸಾಕು. ಅದರಲ್ಲಿ ನಾಲ್ಕು ತಾಮ್ರದ ಪರಮಾಣು ಇರುತ್ತವೆ, ಕೊನೆಗೆ ಉಳಿಯೋ ತ್ಯಾಜ್ಯ ಬರೀ ನೀರು. ಇದೇ ಲ್ಯಾಕೇಸನ್ನ ಜೀನ್ಸ್ ಬಟ್ಟೆಯ ನೀಲಿ ಮಾಸಿಸೋಕೂ ಬಳಸ್ತಾರೆ.

ಹೀಗೆ ಆಕಾರ ನೋಡದೆ ಒಡೆಯೋ ಗುಣ ಇರೋದರಿಂದ ಲಿಗ್ನಿನ್ ಅಲ್ಲದ್ದೂ ಒಡೆಯುತ್ತೆ. ಲಿಗ್ನಿನ್ ಪೆರಾಕ್ಸಿಡೇಸ್ ಅನ್ನ ಮಿಂಗ್ ಟಿಯೆನ್ ಮತ್ತು ಕೆಂಟ್ ಕಿರ್ಕ್ 1983ರಲ್ಲಿ ಅಮೆರಿಕದ ಮ್ಯಾಡಿಸನ್‌ನಲ್ಲಿ ವರದಿ ಮಾಡಿದರು. ಎರಡೇ ವರ್ಷದಲ್ಲಿ, 1985ರಲ್ಲಿ, ಜಾನ್ ಬಂಪಸ್, ಸ್ಟೀವನ್ ಆಸ್ಟ್ ಮತ್ತು ಜೊತೆಗಾರರು ಫ್ಯಾನೆರೋಕೀಟೆ ಕ್ರೈಸೋಸ್ಪೋರಿಯಂ ಅನ್ನೋ ಬಿಳಿ ಕೊಳೆ ಶಿಲೀಂಧ್ರ ಡಿಡಿಟಿ, ಲಿಂಡೇನ್‌ನಂಥ ಹಠಮಾರಿ ವಿಷಗಳನ್ನೂ ಒಡೆಯುತ್ತೆ ಅಂತ ತೋರಿಸಿದರು. ಅವರು ತೋರಿಸಿದ ರೀತಿ ಮುಖ್ಯ. ವಿಷದ ಅಣುವಿನಲ್ಲಿ ವಿಕಿರಣ ಸೂಸೋ ಕಾರ್ಬನ್-14 ಇಟ್ಟು, ಅದು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಗೆ ಬಂತಾ ಅಂತ ಹಿಡಿದು ಅಳೆದರು. ಯಾಕೆ ಮುಖ್ಯ ಅಂತ ಆಮೇಲೆ ಹೇಳ್ತೀನಿ.

ನಾವು ಶುರು ಮಾಡಿದ್ದು ಚಿಪ್ಪು ಅಣಬೆಯ ಬೀಜದಿಂದ. ಗ್ವಾಯಕಾಲ್ ಹಾಕಿದ ಅಗಾರ್ ಪ್ಲೇಟ್ ಮೇಲೆ ಇಟ್ಟಾಗ ಬೆಳ್ಳನೆ ಎಳೆಗಳ ಸುತ್ತ ಕೆಂಪು-ಕಂದು ಉಂಗುರ ಬಂತು. ಲ್ಯಾಕೇಸ್ ಇದೆ ಅನ್ನೋದಕ್ಕೆ ಅದು ಗುರುತು. ಆ ಫೋಟೋ ನನ್ನ ಸ್ಟೇಟಸ್‌ನಲ್ಲಿ ಮೂರು ದಿನ ಇತ್ತು.

ಆಮೇಲೆ ಖುಷಿ ಇಳೀತು. ಮೇಡಂ ಕೊಟ್ಟ ಪೇಪರ್‌ಗಳಲ್ಲಿ ಒಂದು ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಯಾದವ್ ಮತ್ತು ರೆಡ್ಡಿ 1993ರಲ್ಲಿ ಬರೆದದ್ದು. ಬಿಳಿ ಕೊಳೆ ಶಿಲೀಂಧ್ರ 2,4-ಡಿಯನ್ನ ಒಡೆಯುತ್ತೆ ಅಂತಲೇ ಅದರಲ್ಲಿತ್ತು. ಆದ್ರೆ ಪೆರಾಕ್ಸಿಡೇಸ್ ಎನ್‌ಜೈಮ್‌ಗಳೇ ಇಲ್ಲದ ಮ್ಯುಟೆಂಟ್ ಕೂಡ ಒಡೆಯಿತಂತೆ! ಅಂದ್ರೆ ಅಲ್ಲಿ ಕೆಲಸ ಮಾಡಿದ್ದು ನಾನು ಪಿಪಿಟಿಯಲ್ಲಿ ದೊಡ್ಡದಾಗಿ ಬರೆದಿದ್ದ ಹೊರಗಿನ ಪೆರಾಕ್ಸಿಡೇಸ್‌ಗಳಲ್ಲ. ಗೋವಿನಜೋಳಕ್ಕೆ ಬಿತ್ತಿದ ತಕ್ಷಣ ಹೊಡೆಯೋ ಅಟ್ರಜಿನ್ ಕಥೆಯೂ ಹೀಗೇ. ಶಿಲೀಂಧ್ರಗಳು ಅದರ ಎರಡು ಪಕ್ಕದ ತೋಳುಗಳನ್ನ ಕತ್ತರಿಸುತ್ತವೆ, ನಡುವಿನ ಉಂಗುರ ಹಾಗೇ ಉಳಿಯುತ್ತೆ. ಉಂಗುರ ಒಡೆಯೋಕೆ ಕೆಲವು ಮಣ್ಣಿನ ಬ್ಯಾಕ್ಟೀರಿಯಾ ಬೇಕು. ಒಬ್ಬರೇ ಹೀರೋ ಇರೋ ಕಥೆ ಇದಲ್ಲ ಅಂತ ಅರ್ಥ ಆಗೋಕೆ ನಂಗೆ ಎರಡು ವಾರ ಹಿಡೀತು.

ಎನ್‌ಜೈಮನ್ನ ಮಾತ್ರ ತೆಗೆದು ಬಾಟಲಿಯಲ್ಲಿ ತುಂಬಿ ಹೊಲಕ್ಕೆ ಸುರಿದರೆ? ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ. ಎನ್‌ಜೈಮ್ ಶುದ್ಧ ಮಾಡೋಕೆ ದುಡ್ಡು ಬೇಕು. ಮಣ್ಣಿಗೆ ಬಿದ್ದ ಮೇಲೆ ಅದು ಜೇಡಿಕಣಕ್ಕೆ ಅಂಟಿಕೊಳ್ಳುತ್ತೆ, ಪಿಎಚ್ ಹೊಂದದಿದ್ರೆ ಸುಮ್ಮನಾಗುತ್ತೆ, ಬೇರೆ ಜೀವಿಗಳು ಅದನ್ನೇ ತಿಂದುಹಾಕುತ್ತವೆ. ಸಣ್ಣ ಮಣಿಗಳಿಗೆ ಅಂಟಿಸಿ ನೀರಿನ ಟ್ಯಾಂಕಿನಲ್ಲಿ ಬಳಸೋ ಪ್ರಯತ್ನಗಳಿವೆ, ಅದು ಬೇರೆ ಕಥೆ. ಹೊಲದ ಹತ್ತಿರ ಅಗ್ಗದ ದಾರಿ ಅಂದ್ರೆ ಎನ್‌ಜೈಮ್ ಮಾಡೋ ಜೀವಿಗೆ ಊಟ ಹಾಕಿ, ಅದು ಇರೋ ಜಾಗಕ್ಕೇ ವಿಷವನ್ನ ತರೋದು.

ಇದನ್ನ ಸ್ವೀಡನ್ ರೈತರು 1990ರ ದಶಕದಲ್ಲೇ ಮಾಡಿದ್ದಾರೆ. ಹೆಸರು ಬಯೋಬೆಡ್, ಮೊದಲನೆಯದು 1993ರಲ್ಲಿ. ನೀರಿಗೆ ಸೇರೋ ಕೀಟನಾಶಕದ ದೊಡ್ಡ ಪಾಲು ಹೊಲದಿಂದಲ್ಲ, ಔಷಧಿ ಕಲಸೋ, ತುಂಬೋ, ಪಂಪ್ ತೊಳೆಯೋ ಜಾಗದಿಂದ ಬರುತ್ತೆ ಅಂತ ಅವರಿಗೆ ಗೊತ್ತಾಯ್ತು. ಹಾಗಾಗಿ ಆ ಜಾಗದಲ್ಲೇ ಒಂದು ಗುಂಡಿ ತೋಡಿ, ತಳದಲ್ಲಿ ಜೇಡಿಮಣ್ಣು ಹಾಕಿ, ಅದರ ಮೇಲೆ ಸುಮಾರು ಅರ್ಧ ಮೀಟರ್ ಮಿಶ್ರಣ ತುಂಬಿದರು: ಎರಡು ಭಾಗ ಹುಲ್ಲು, ಒಂದು ಭಾಗ ಪೀಟ್, ಒಂದು ಭಾಗ ಹೊಲದ ಮೇಲ್ಮಣ್ಣು. ಮೇಲೆ ಹುಲ್ಲಿನ ಹಾಸು. ಒಳಗಿನ ಹುಲ್ಲು ಶಿಲೀಂಧ್ರಕ್ಕೆ ಊಟ, ಅದರಲ್ಲಿರೋ ಲಿಗ್ನಿನ್ ಒಡೆಯೋಕೆ ಎನ್‌ಜೈಮ್ ಬರುತ್ತೆ. ಪೀಟ್ ನೀರು ಹಿಡಿಯುತ್ತೆ, ಸ್ವಲ್ಪ ಹುಳಿ ಗುಣ ಕೊಡುತ್ತೆ, ಅದು ಶಿಲೀಂಧ್ರಕ್ಕೆ ಇಷ್ಟ. ಮಣ್ಣಿನಿಂದ ಬ್ಯಾಕ್ಟೀರಿಯಾ ಬರುತ್ತೆ. ಓದ್ತಾ ಓದ್ತಾ ನಂಗೆ ನಮ್ಮ ತೊಟ್ಟಿಯ ಪಕ್ಕದ ಕೆಸರೇ ಕಣ್ಣಿಗೆ ಬರ್ತಿತ್ತು.

ನಾವು ಲ್ಯಾಬ್ ಹಿಂದೆ ನಾಲ್ಕು ಬಕೆಟ್ ಇಟ್ಟೆವು. ಒಂದರಲ್ಲಿ ಬರೀ ಮಣ್ಣು. ಎರಡನೆಯದರಲ್ಲಿ ಹುಲ್ಲು, ಕಾಂಪೋಸ್ಟ್, ಮಣ್ಣು. ಮೂರನೆಯದರಲ್ಲಿ ಅದೇ ಮಿಶ್ರಣ, ಆದ್ರೆ ಹುಲ್ಲಿನ ಬದಲು ಅಣಬೆ ಬೆಳೆದು ಮುಗಿದ ಹುಲ್ಲು. ನಾಲ್ಕನೆಯದರಲ್ಲಿ ಎರಡನೆಯದರ ಮಿಶ್ರಣವನ್ನೇ ಆಟೋಕ್ಲೇವ್ ಮಾಡಿ, ಒಳಗಿನ ಜೀವಿಗಳನ್ನೆಲ್ಲ ಸಾಯಿಸಿ ಹಾಕಿದ್ದು. ಮೇಡಂ ಎದುರಿಗೆ ಗ್ಲೌಸ್ ಹಾಕಿಕೊಂಡು ಎಲ್ಲದಕ್ಕೂ ಒಂದೇ ಅಳತೆಯ 2,4-ಡಿ ನೀರು ಹಾಕಿದೆವು. ಮೂರು ವಾರ ಕಾದು, ಪ್ರತಿಯೊಂದರಿಂದ ಸ್ವಲ್ಪ ತೆಗೆದು ಕಪ್‌ಗಳಲ್ಲಿ ಇಪ್ಪತ್ತಿಪ್ಪತ್ತು ಹೆಸರುಕಾಳು ಹಾಕಿದೆವು. ವಿಷ ಅಳೆಯೋ ಮೆಷಿನ್ ನಮ್ಮ ಪಾಲಿಗೆ ಸಿಗೋ ಹಾಗಿರಲಿಲ್ಲ, ಕಾಳೇ ನಮ್ಮ ಮೀಟರ್. 2,4-ಡಿ ಇದ್ರೆ ಮೊಳಕೆ ಸೊಟ್ಟಗಾಗಿ ದಪ್ಪ ಆಗುತ್ತೆ.

ಬರೀ ಮಣ್ಣಿನ ಕಪ್‌ನಲ್ಲಿ ಇನ್ನೂ ಕೆಲವು ಮೊಳಕೆ ಸೊಟ್ಟ ಇದ್ದವು. ಹುಲ್ಲಿದ್ದ ಮೂರರಲ್ಲೂ ಚೆನ್ನಾಗಿ ಬಂದವು. ಅಣಬೆ ಹುಲ್ಲಿನಲ್ಲಿ ನೆಟ್ಟಗೆ ಬಂದದ್ದು ನೋಡಿ ನಾವು ಹೈ-ಫೈ ಕೊಟ್ಟೆವು. ಮೇಡಂ ನಾಲ್ಕನೇ ಕಪ್ ಎತ್ತಿ ಕೇಳಿದರು, "ಇದರಲ್ಲಿ ಜೀವ ಇರೋದು ಏನೂ ಇಲ್ಲ. ಇಲ್ಲೂ ನೆಟ್ಟಗೇ ಬಂದಿವೆ. ಹಾಗಾದ್ರೆ ವಿಷ ಎಲ್ಲಿಗೆ ಹೋಯ್ತು? ಒಡೀತಾ, ಬಚ್ಚಿಟ್ಟುಕೊಂಡಿದ್ಯಾ?"

ಮೂವರೂ ಸುಮ್ಮನಾದೆವು. ಹುಲ್ಲು, ಕಾಂಪೋಸ್ಟ್ ವಿಷವನ್ನ ಹೀರಿ ಹಿಡಿದುಕೊಳ್ಳುತ್ತವೆ. ಹಿಡಿದುಕೊಂಡದ್ದು ಕಾಳಿಗೆ ತಾಗಲ್ಲ, ಹಾಗಂತ ಅದು ಇಲ್ಲ ಅಂತಲ್ಲ. 1985ರ ಪ್ರಯೋಗದಲ್ಲಿ ಕಾರ್ಬನ್-14 ಯಾಕೆ ಬೇಕಿತ್ತು ಅಂತ ಆಗ ಅರ್ಥವಾಯ್ತು. ನಮ್ಮ ಹತ್ತಿರ ಅದಿರಲಿಲ್ಲ. ಬದಲಿಗೆ ಎಲ್ಲ ಮಿಶ್ರಣಗಳನ್ನೂ ನೀರಿನಲ್ಲಿ ಚೆನ್ನಾಗಿ ಕಲಸಿ, ಸೋಸಿ, ಆ ನೀರಿನಲ್ಲಿ ಹೊಸ ಕಾಳು ನೆನೆಸಿದೆವು. ಸತ್ತ ಮಿಶ್ರಣದ ನೀರಿನಲ್ಲಿ ಮೊಳಕೆಗಳು ಸೊಟ್ಟಗಾದವು. ಜೀವ ಇದ್ದ ಎರಡೂ ಮಿಶ್ರಣಗಳ ನೀರಿನಲ್ಲಿ ಹೆಚ್ಚುಕಮ್ಮಿ ಎಲ್ಲವೂ ನೆಟ್ಟಗೆ ಬಂದವು. ಸತ್ತದ್ದು ಬಚ್ಚಿಟ್ಟಿತ್ತು, ಜೀವ ಇದ್ದದ್ದು ಕರಗಿಸಿತ್ತು.

ಅಣಬೆ ಹುಲ್ಲಿಗೂ ಸಾದಾ ಹುಲ್ಲಿಗೂ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಸಿಗಲಿಲ್ಲ. 2,4-ಡಿಯನ್ನ ತಿನ್ನೋ ಬ್ಯಾಕ್ಟೀರಿಯಾ ಹೊಲದ ಮಣ್ಣಿನಲ್ಲೇ ಇರುತ್ತವೆ, ಅವಕ್ಕೆ ಗಾಳಿ, ತೇವ, ಜಾಗ ಸಿಕ್ಕಿತ್ತು ಅಷ್ಟೇ. ರಿಪೋರ್ಟ್‌ನಲ್ಲಿ ಹಾಗೇ ಬರೆದೆವು. ಟೈಟಲ್‌ನಿಂದ "ಫಂಗಲ್ ಎನ್‌ಜೈಮ್" ತೆಗೆಯೋಣ ಅಂದೆ, ಟೀಮ್‌ಮೇಟ್ಸ್ ಬಿಡಲಿಲ್ಲ.

ಆದ್ರೆ "ಒಡೀತಾ, ಬಚ್ಚಿಟ್ಟುಕೊಂಡಿದ್ಯಾ" ಅನ್ನೋದು ನನ್ನನ್ನ ಬಿಡಲಿಲ್ಲ. ಸಂಕ್ರಾಂತಿಗೆ ಊರಿಗೆ ಹೋದೆ. ದೊಡ್ಡಪ್ಪ ಕೊಟ್ಟಿಗೆಯಲ್ಲಿ ಎಮ್ಮೆಗೆ ಮೇವು ಹಾಕ್ತಿದ್ದರು. ಪಕ್ಕದಲ್ಲಿ ನಿಂತು ಹೇಳಿಬಿಟ್ಟೆ.

"ದೊಡ್ಡಪ್ಪ, ಆ ವರ್ಷ ಟೊಮೇಟೊ ಹೋಯ್ತಲ್ಲ, ಅದು ರೋಗ ಅಲ್ಲ. ನಾನು ಪಂಪ್ ಒಂದೇ ಸಲ ತೊಳ್ದಿದ್ದೆ."

"ಮೂರು ಸಲ ತೊಳದೀನಿ ಅಂದಿದ್ದೆಲ್ಲ?"

"ಸುಳ್ಳು ಹೇಳ್ದೆ."

ಮೇವು ಹಾಕೋದು ಮುಗಿಸಿದರು. ಕೈ ಒರೆಸಿಕೊಂಡರು. "ಹಂಗಾರ ಬಿಳಿ ನೊಣಕ್ಕಂತ ಎರಡು ಸಲ ಹೊಡದ್ನಲ್ಲ, ಅದೂ ಸುಮ್ಮನ ಆತು."

"ಹೂಂ."

ಬೈತಾರೆ ಅಂತ ಕಾಯ್ತಿದ್ದೆ. ಅವರು ಹಿತ್ತಲ ಕಡೆ ನೋಡ್ತಾ ಅಂದರು, "ಆವತ್ತಿನಿಂದ ನಾ ಟಮಾಟಿನ ಹಚ್ಚಿಲ್ಲ ತಮ್ಮಾ. ಈ ಮಣ್ಣಾಗ ರೋಗ ಐತಿ ಅಂತ ತಿಳ್ಕೊಂಡಿದ್ದೆ."

ಇದು ನಂಗೆ ಗೊತ್ತಿರಲಿಲ್ಲ. ಒಂದು ಬೆಳೆ ಹೋಯ್ತು, ಮುಗೀತು ಅಂದ್ಕೊಂಡಿದ್ದೆ. ನನ್ನ ಒಂದು "ಹೂಂ" ಇಂದ ಅವರು ತಮ್ಮ ಮಣ್ಣನ್ನೇ ನಂಬೋದು ಬಿಟ್ಟಿದ್ದರು. ಅದರಲ್ಲೂ ನಾನು ಅಕ್ಟೋಬರ್‌ನಿಂದ ಜನವರಿವರೆಗೆ ಸುಮ್ಮನಿದ್ದದ್ದು ಬೇರೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವರು ನನ್ನ ಜೊತೆ ಮಾತಾಡಲಿಲ್ಲ. ದೊಡ್ಡಮ್ಮ ಕಾರಣ ಗೊತ್ತಿಲ್ಲದೆ ಇಬ್ಬರ ಮುಖವನ್ನೂ ನೋಡ್ತಿದ್ದರು.

ಮಾರನೇ ದಿನ ಬೆಳಿಗ್ಗೆ ಅವರೇ, "ಆ ಗುಂಡಿ ಏನೋ ಅಂದೆಲ್ಲ, ತೋರಿಸು" ಅಂದರು. ಫೋನಿನಲ್ಲಿದ್ದ ಬಯೋಬೆಡ್ ಚಿತ್ರ ತೋರಿಸಿದೆ. ಒಂದು ನಿಮಿಷ ನೋಡಿ ಮೂರು ತಪ್ಪು ಹೇಳಿದರು. ಮಳೆಗಾಲದಲ್ಲಿ ಇದು ತುಂಬಿ ಹರಿಯುತ್ತೆ, ಮೇಲೆ ತಗಡು ಬೇಕು. ನಮ್ಮ ಎರೆಮಣ್ಣು ತಳಕ್ಕೆ ಹಾಕಿದರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ತಾಡಪತ್ರಿ ಹಾಸಬೇಕು. ಬೋರ್‌ವೆಲ್ ಹತ್ತಿರ ಬೇಡ, ಕಣದ ಆ ಕಡೆ ಇರಲಿ. ಮೂರಕ್ಕೆ ಮೂರೂ ಸರಿ. ಬಯೋಬೆಡ್ ಬಗ್ಗೆ ಓದಿದ್ದರಲ್ಲೂ ಮಳೆ ನೀರು ದೊಡ್ಡ ತಲೆನೋವು ಅಂತಿತ್ತು, ನಾನು ಅದನ್ನ ಪಿಪಿಟಿಯಲ್ಲಿ ಬಿಟ್ಟಿದ್ದೆ.

ಎರಡು ದಿನದಲ್ಲಿ ಗುಂಡಿ ತಯಾರಾಯ್ತು. ಪೀಟ್ ನಮ್ಮಲ್ಲಿ ಎಲ್ಲಿ ಸಿಗಬೇಕು, ತಿಪ್ಪೆಯ ಹಳೇ ಗೊಬ್ಬರ ಹಾಕಿದೆವು. ಭತ್ತದ ಹುಲ್ಲು ಜೊತೆಗೆ ಗೋವಿನಜೋಳದ ದಂಟು ಕತ್ತರಿಸಿ ಹಾಕಿದೆವು. ಹೊಲದ ಮಣ್ಣು ಒಂದು ಪಾಲು. ಬೇಲಿ ಹಾಕಿದೆವು, ಕೋಳಿ ಹೋಗಬಾರದಲ್ಲ. ಅಲ್ಲಿ ಅಣಬೆ ಎದ್ದರೆ ಯಾರೂ ಕೀಳಬಾರದು, ತಿನ್ನಬಾರದು ಅಂತ ದೊಡ್ಡಮ್ಮನಿಗೆ ಎರಡೆರಡು ಸಲ ಹೇಳಿದೆ. "ನಾಯಿಕೊಡಿ ಯಾರು ತಿಂತಾರ" ಅಂತ ನಕ್ಕರು. ಕಸದ ಎಣ್ಣಿಗೆ ಬೇರೆ ಪಂಪ್ ತಂದರು, ಅದಕ್ಕೆ ದೊಡ್ಡಪ್ಪ ಕೆಂಪು ಪೇಂಟ್ ಬಳಿದರು. ನಿಜ ಹೇಳಬೇಕಂದ್ರೆ ಈ ಎಲ್ಲದರಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರೋದು ಆ ಪೇಂಟೇ. ಪಂಪ್ ಬೇರೆ ಆದ್ರೆ ಟೊಮೇಟೊ ಉಳಿಯುತ್ತೆ. ತೊಳೆದ ನೀರು ಗುಂಡಿಗೆ ಹೋದ್ರೆ ಬೋರ್‌ವೆಲ್ ಉಳಿಯುತ್ತೆ. ಶಿಲೀಂಧ್ರ, ಬ್ಯಾಕ್ಟೀರಿಯಾ ತಮ್ಮ ಕೆಲಸ ಮಾಡುತ್ತವೆ, ಆದ್ರೆ ನಾವು ಅಲ್ಲಿಗೆ ತಂದು ಹಾಕಿದ್ದನ್ನ ಮಾತ್ರ. ನಾವು ಎಲ್ಲೆಂದರಲ್ಲಿ ಚೆಲ್ಲಿ ಬಂದದ್ದನ್ನ ಅವು ಹುಡುಕಿಕೊಂಡು ಹೋಗಲ್ಲ.

ನಮ್ಮ ಕ್ಯಾಂಪಸ್ಸಿನಲ್ಲಿ ಊರಲ್ಲಿ ಹೊಲ ಇರೋರು ತುಂಬಾ ಜನ ಇದ್ದೀರಿ, ಯಾವ ಬ್ರಾಂಚ್ ಆದರೂ ಸರಿ. ಮುಂದಿನ ಸಲ ಊರಿಗೆ ಹೋದಾಗ ಒಂದು ಪ್ರಶ್ನೆ ಕೇಳಿ: "ಪಂಪ್ ಎಲ್ಲಿ ತೊಳೀತೀರಿ?" ಬಾವಿ ಕಟ್ಟೆ, ಕಾಲುವೆ, ಕೆರೆ ದಂಡೆ ಅಂತ ಉತ್ತರ ಬಂದ್ರೆ ಗುಂಡಿ ತೋಡೋಕೆ ನೀವೂ ಕೈ ಹಾಕಿ. ಸಿವಿಲ್‌ನವರು ಇನ್ನೂ ಚೆನ್ನಾಗಿ ಕಟ್ತೀರಿ. ನಮ್ಮದರ ಪರೀಕ್ಷೆ ಇನ್ನೂ ಬಾಕಿ ಇದೆ, ಜುಲೈನಲ್ಲಿ ಕಸದ ಎಣ್ಣಿ ಹೊಡೆದ ಮೇಲೆ ಗುಂಡಿಯ ಮಣ್ಣು ತಂದು ಮತ್ತೆ ಹೆಸರುಕಾಳು ಹಾಕಿ ನೋಡಬೇಕು. ಫಲಿತಾಂಶ ಏನೇ ಬಂದರೂ ಇಲ್ಲೇ ಬರೀತೀನಿ.

ಕಳೆದ ವಾರ ದೊಡ್ಡಪ್ಪ ಫೋನ್ ಮಾಡಿದ್ದರು. ಗುಂಡಿಯ ಹುಲ್ಲು ನಾಲ್ಕು ಬೆರಳು ಇಳಿದಿದೆಯಂತೆ. ಅದು ಒಳ್ಳೇದೇ, ಒಳಗೆ ಕೊಳೀತಿದೆ ಅಂತ ಅರ್ಥ, ಮೇಲೆ ಇನ್ನಷ್ಟು ಹುಲ್ಲು ಹಾಕಿ ಅಂದೆ. ಫೋನ್ ಇಟ್ಟ ಮೇಲೆ ವಾಟ್ಸಾಪ್‌ಗೆ ಒಂದು ಫೋಟೋ ಬಂತು, ಏನೂ ಬರೆದಿರಲಿಲ್ಲ. ಹಿತ್ತಲಲ್ಲಿ ನಾಲ್ಕು ಸಾಲು ಟೊಮೇಟೊ ಸಸಿ. ಎಲೆ ನೆಟ್ಟಗಿವೆಯಾ ಅಂತ ಜೂಮ್ ಮಾಡಿ ಒಂದೊಂದೇ ನೋಡಿದೆ.